ಕಂಪ್ಯೂಟರ್ ಸ್ಟೋರ್ ರೂಮಿನಲ್ಲಿ, ಕೆಲಸ ನಿಮ್ಮ ಟೇಬಲ್ ಮೇಲೆ: ಮನೆಯಲ್ಲಿ ಸದ್ದಿಲ್ಲದೆ ದುಡಿಯೋದು ಹೇಗೆ?



ಈ ಸಲದ ವಿಷಯ ಕೇಳುಗರೊಬ್ಬರ ವಾಯ್ಸ್ ನೋಟ್‌ನಿಂದ ಬಂದದ್ದು. ಅವರ ಮಾತಲ್ಲೇ ಹೇಳ್ತೀನಿ: "ಅಕ್ಕಾ, ನಮ್ದು ಎರಡು ರೂಮಿನ ಬಾಡಿಗೆ ಮನೆ. ನಾನು ಮದುವೆ ವಿಡಿಯೋ ಎಡಿಟ್ ಮಾಡ್ತೀನಿ. ರಾತ್ರಿ ರೆಂಡರ್‌ಗೆ ಹಾಕಿದ್ರೆ ಕಂಪ್ಯೂಟರ್ ಫ್ಯಾನು ಗಿರ್ರ್ ಅಂತ ಶುರು ಮಾಡುತ್ತೆ. ಅದೇ ರೂಮಲ್ಲಿ ತಂಗಿ ಸೆಕೆಂಡ್ ಪಿಯುಸಿಗೆ ಓದ್ತಾಳೆ, ಅಜ್ಜಿ ಮಲಗ್ತಾರೆ. ಇದನ್ನ ಮಾರಿ ಒಳ್ಳೆ ಲ್ಯಾಪ್‌ಟಾಪ್ ತಗೊಳ್ಳೋಣ ಅಂದ್ರೆ ಇದರ ಸಾಲವೇ ಇನ್ನೂ ತೀರಿಲ್ಲ. ಏನಾದ್ರೂ ದಾರಿ ಇದ್ಯಾ?"

ದಾರಿ ಇದೆ. ಹೊಸ ಕಂಪ್ಯೂಟರ್ ಬೇಡ, ಇರೋದನ್ನ ಮಾರೋದೂ ಬೇಡ. ಸದ್ದು ಮಾಡುವ ಆ ಡಬ್ಬವನ್ನು ಸ್ಟೋರ್ ರೂಮಿಗೋ, ಮೆಟ್ಟಿಲ ಕೆಳಗಿನ ಜಾಗಕ್ಕೋ ಸಾಗಿಸಿ, ನೀವು ಕೂರೋ ಕಡೆಯಿಂದ ಇನ್ನೊಂದು ಸದ್ದಿಲ್ಲದ ಯಂತ್ರದ ಮೂಲಕ ಅದನ್ನ ನಡೆಸಬಹುದು. ಇದಕ್ಕೆ ರಿಮೋಟ್ ಡೆಸ್ಕ್‌ಟಾಪ್ ಅಂತಾರೆ. ಹೆಸರು ಕೇಳಿದ್ರೆ ಐಟಿ ಕಂಪನಿಯವರ ವ್ಯವಹಾರ ಅನ್ನಿಸುತ್ತೆ, ಆದ್ರೆ ಮನೆಯೊಳಗೇ ಇದು ತುಂಬ ಚೆನ್ನಾಗಿ ಕೆಲಸ ಮಾಡುತ್ತೆ.

ಊರಿನ ಬಾವಿ ನೆನಪಿಸಿಕೊಳ್ಳಿ. ಪಂಪ್‌ಸೆಟ್ ಬಾವಿ ಹತ್ತಿರ ಗಡಗಡ ಅಂತಿರುತ್ತೆ, ನೀರು ಮಾತ್ರ ಅಡುಗೆಮನೆ ನಲ್ಲಿಯಲ್ಲಿ ಬರುತ್ತೆ. ಪಂಪ್‌ಸೆಟ್ ತಂದು ಒಲೆ ಪಕ್ಕ ಇಟ್ಟುಕೊಳ್ಳೋರು ಯಾರೂ ಇಲ್ಲ. ಕಂಪ್ಯೂಟರ್ ವಿಷಯದಲ್ಲಿ ಮಾತ್ರ ನಾವೆಲ್ಲ ಪಂಪ್‌ಸೆಟ್ಟನ್ನ ಕಾಲ ಬುಡದಲ್ಲೇ ಇಟ್ಟುಕೊಂಡು ಕೂತಿದ್ದೀವಿ.

ಮೊದಲು ಸದ್ದಿನ ಬಗ್ಗೆ ಎರಡು ಮಾತು

ಡೆಸ್ಕ್‌ಟಾಪ್‌ನಲ್ಲಿ ಸದ್ದು ಬರೋದು ಮುಖ್ಯವಾಗಿ ಫ್ಯಾನ್‌ಗಳಿಂದ. ಪ್ರೊಸೆಸರ್ ಮೇಲೊಂದು, ಗ್ರಾಫಿಕ್ಸ್ ಕಾರ್ಡಿಗೆ ಎರಡೋ ಮೂರೋ, ಪವರ್ ಸಪ್ಲೈನಲ್ಲೊಂದು, ಕ್ಯಾಬಿನೆಟ್ಟಿಗೆ ಇನ್ನೊಂದೆರಡು. ಹಳೇ ಹಾರ್ಡ್ ಡಿಸ್ಕ್ ಇದ್ರೆ ಅದರ ಕಟಕಟ ಬೇರೆ. ಡೆಸಿಬೆಲ್ ಲೆಕ್ಕ ನಮ್ಮ ಸಾಮಾನ್ಯ ಲೆಕ್ಕದಂತಲ್ಲ. 10 ಡೆಸಿಬೆಲ್ ಹೆಚ್ಚಾದ್ರೆ ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳಿಸುತ್ತೆ. ಪಿಸುಮಾತು ಸುಮಾರು 30 ಡೆಸಿಬೆಲ್. ಆದ್ದರಿಂದ 40 ಡೆಸಿಬೆಲ್ ಅಂದ್ರೆ ಅಷ್ಟೇನಲ್ಲ ಅಂತ ಕಾಗದದ ಮೇಲೆ ಅನ್ನಿಸಿದ್ರೂ, ರಾತ್ರಿ ಹನ್ನೊಂದಕ್ಕೆ ಓದ್ತಾ ಕೂತವರ ಕಿವಿಗೆ ಅದು ಚೆನ್ನಾಗಿಯೇ ತಾಗುತ್ತೆ.

ಏನೂ ಸಾಗಿಸೋಕೆ ಮುಂಚೆ ಒಂದು ಭಾನುವಾರ ಕ್ಯಾಬಿನೆಟ್ ತೆಗೆದು ಧೂಳು ಹೊಡೀರಿ. ಧೂಳು ಕಟ್ಟಿದ ಫ್ಯಾನ್ ಅಷ್ಟೇ ಗಾಳಿಗೆ ಹೆಚ್ಚು ಸುತ್ತಬೇಕು, ಹೆಚ್ಚು ಸುತ್ತಿದ್ರೆ ಹೆಚ್ಚು ಸದ್ದು. ವಿಂಡೋಸ್‌ನ ಪವರ್ ಆಪ್ಷನ್ಸ್ ಒಳಗೆ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನ 100ರಿಂದ 99ಕ್ಕೆ ಇಳಿಸಿದ್ರೆ ಹಲವು ಯಂತ್ರಗಳಲ್ಲಿ ಟರ್ಬೋ ಬೂಸ್ಟ್ ನಿಂತುಹೋಗುತ್ತೆ. ಕೆಲಸ ಸ್ವಲ್ಪ ನಿಧಾನ ಆಗುತ್ತೆ, ಫ್ಯಾನ್ ಬಹಳ ತಣ್ಣಗಾಗುತ್ತೆ. ಕೆಲವರಿಗೆ ಇಷ್ಟೇ ಸಾಕು. ಅಂಥವರು ಇಲ್ಲೇ ಪಾಡ್‌ಕಾಸ್ಟ್ ನಿಲ್ಲಿಸಬಹುದು, ಬೇಜಾರಿಲ್ಲ.

ಕಾಲ್ ಮಾಡುವಾಗ ಆ್ಯಪ್‌ಗಳು ಹಿನ್ನೆಲೆ ಸದ್ದು ತೆಗೀತಾವಲ್ಲ ಅಂತೀರಾ? ತೆಗೀತಾವೆ. ಆದ್ರೆ ಫ್ಯಾನ್ ಸದ್ದು ತೆಗೆಯೋ ಭರದಲ್ಲಿ ನಿಮ್ಮ ದನಿಯ ಸ, ಶ, ಹ ಅನ್ನೋ ಗಾಳಿಯಕ್ಷರಗಳನ್ನೂ ಸವರಿಹಾಕ್ತವೆ. ಅದೂ ಅಲ್ಲದೆ ಅದು ಆ ಕಡೆಯವರಿಗೆ ಮಾತ್ರ ನೆಮ್ಮದಿ. ರೂಮಲ್ಲಿರೋ ತಂಗಿಗಲ್ಲ.

ಏನು ನಡೆಯುತ್ತೆ ಅಂದ್ರೆ

ನೀವು ಇಲ್ಲಿ ಕೀಲಿ ಒತ್ತುತ್ತೀರಿ, ಮೌಸ್ ಆಡಿಸ್ತೀರಿ. ಆ ಸಂದೇಶ ಮನೆಯ ನೆಟ್‌ವರ್ಕ್ ಮೂಲಕ ಸ್ಟೋರ್ ರೂಮಿನ ಕಂಪ್ಯೂಟರ್‌ಗೆ ಹೋಗುತ್ತೆ. ಅಲ್ಲಿ ಕೆಲಸ ನಡೆದು, ಅದರ ಪರದೆಯ ಚಿತ್ರ ವಿಡಿಯೋ ಥರ ವಾಪಸ್ ಬರುತ್ತೆ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಫೈಲ್ ಎಲ್ಲ ಅಲ್ಲೇ. ನಿಮ್ಮ ಕೈಯಲ್ಲಿರೋದು ಬರೀ ಕಿಟಕಿ.

ಐಡಿಯಾ ಹೊಸದೇನಲ್ಲ. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಶುರುವಾದ ಎಕ್ಸ್ ವಿಂಡೋ ವ್ಯವಸ್ಥೆಯಲ್ಲೇ ಒಂದು ಕಂಪ್ಯೂಟರ್‌ನಲ್ಲಿ ನಡೆಯೋ ಪ್ರೋಗ್ರಾಂ ಇನ್ನೊಂದರ ಪರದೆ ಮೇಲೆ ಕಾಣೋ ಏರ್ಪಾಡಿತ್ತು. 1990ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಒಂದು ಲ್ಯಾಬ್‌ನಿಂದ ವಿಎನ್‌ಸಿ ಬಂತು. 1998ರಲ್ಲಿ ಮೈಕ್ರೋಸಾಫ್ಟ್ ತನ್ನ ಆರ್‌ಡಿಪಿಯನ್ನ ತಂತು. ಇವತ್ತು ನಾವು ಬಳಸೋದೆಲ್ಲ ಇವುಗಳ ಮಕ್ಕಳು ಮೊಮ್ಮಕ್ಕಳೇ.

ತುಂಬ ಜನ ಕೇಳೋ ಪ್ರಶ್ನೆ: ಇದಕ್ಕೆ ಡೇಟಾ ಎಷ್ಟು ಖರ್ಚಾಗುತ್ತೆ? ಎರಡೂ ಯಂತ್ರ ಒಂದೇ ರೂಟರ್‌ಗೆ ಸೇರಿದ್ದು, ನೇರವಾಗಿ ಒಂದಕ್ಕೊಂದು ಮಾತಾಡ್ತಿದ್ರೆ, ಆ ಚಿತ್ರ ಮನೆ ಬಿಟ್ಟು ಹೊರಗೇ ಹೋಗಲ್ಲ. ನಿಮ್ಮ ಪ್ಲಾನ್‌ನ ಜಿಬಿ ಖರ್ಚಾಗಲ್ಲ. ಇಂಟರ್ನೆಟ್ ಹೋದ್ರೂ ಆರ್‌ಡಿಪಿ ಮನೆಯೊಳಗೆ ನಡೀತಾನೇ ಇರುತ್ತೆ, ರೂಟರ್‌ಗೆ ಕರೆಂಟ್ ಇದ್ರೆ ಸಾಕು.

ನಿಮ್ಮ ಮುಂದೆ ಇರಬೇಕಾದ ಯಂತ್ರ

ಇಲ್ಲಿ ಬೇಕಾಗಿರೋದು ಶಕ್ತಿ ಅಲ್ಲ, ಮೌನ. ಫೋನ್‌ಗೆ, ಟ್ಯಾಬ್ಲೆಟ್‌ಗೆ ಸಾಮಾನ್ಯವಾಗಿ ಫ್ಯಾನೇ ಇರಲ್ಲ. ಎಂ1 ಚಿಪ್ ಇರುವ 2020ರ ಮ್ಯಾಕ್‌ಬುಕ್ ಏರ್‌ಗೂ ಇಲ್ಲ. ರಾಸ್ಪ್‌ಬೆರಿ ಪೈ ಅನ್ನೋ ಅಂಗೈಯಗಲದ ಬೋರ್ಡ್‌ಗೆ ಮಾನಿಟರ್, ಕೀಬೋರ್ಡ್ ಸಿಕ್ಕಿಸಿದ್ರೂ ಆಯ್ತು. ನನ್ನ ಅಭಿಪ್ರಾಯ ಕೇಳಿದ್ರೆ, ಮನೆಯಲ್ಲಿ ಮೂಲೆ ಸೇರಿರೋ ಹಳೇ ಲ್ಯಾಪ್‌ಟಾಪ್ ಎಲ್ಲಕ್ಕಿಂತ ಒಳ್ಳೇದು. ಕಾಲೇಜಿನಲ್ಲಿ ಕೊಟ್ಟದ್ದೋ, ಅಣ್ಣ ಬಿಟ್ಟುಹೋದದ್ದೋ. ಅದಕ್ಕೆ ರೆಂಡರ್ ಮಾಡೋ ತಾಕತ್ತು ಇಲ್ಲದಿದ್ರೂ, ವಿಡಿಯೋ ತೋರಿಸೋ ತಾಕತ್ತು ಇರುತ್ತೆ. ಇಲ್ಲಿ ಅಷ್ಟೇ ಸಾಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದಕ್ಕಾಗಿ ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಡಿ. ಲಿನಕ್ಸ್ ಹಾಕಿದ್ರೆ ಇಂಥ ಕೆಲಸಕ್ಕೆ ಅದು ಇನ್ನೂ ವರ್ಷಗಟ್ಟಲೆ ಬರುತ್ತೆ.

ಫೋನ್ ಒಂದೇ ಇದ್ರೆ? ಬ್ಲೂಟೂತ್ ಕೀಬೋರ್ಡ್, ಮೌಸ್ ಜೋಡಿಸಿ ನಡೆಸಬಹುದು. ಆದ್ರೆ ಆರಿಂಚಿನ ಪರದೆಯಲ್ಲಿ ಎಡಿಟಿಂಗ್ ಟೈಮ್‌ಲೈನ್ ನೋಡಿ ಕಣ್ಣು ಹಾಳು ಮಾಡಿಕೊಳ್ಳಬೇಡಿ. ರೆಂಡರ್ ಎಲ್ಲಿಗೆ ಬಂತು ಅಂತ ಮಲಗಿದಲ್ಲಿಂದಲೇ ಇಣುಕಿ ನೋಡೋಕೆ ಫೋನ್ ಬೆಸ್ಟ್.

ಆ ಡಬ್ಬ ಎಲ್ಲಿಡೋದು?

ಎಲ್ಲರೂ ಮೊದಲು ಬೀರು ಒಳಗೆ ಇಟ್ಟು ಬಾಗಿಲು ಹಾಕಿಬಿಡೋಣ ಅಂದುಕೊಳ್ತಾರೆ. ದಯವಿಟ್ಟು ಬೇಡ. ಕಂಪ್ಯೂಟರ್ ಎಳೆಯೋ ಕರೆಂಟ್ ಹೆಚ್ಚುಕಡಿಮೆ ಪೂರ್ತಿ ಕೊನೆಗೆ ಬಿಸಿಯಾಗಿಯೇ ಹೊರಬರೋದು. ರೆಂಡರ್ ಹೊತ್ತಲ್ಲಿ 300 ವಾಟ್ ಎಳೀತಿದೆ ಅಂದ್ರೆ, ಬೀರುವಿನೊಳಗೆ 300 ವಾಟ್‌ನ ಹೀಟರ್ ಹಚ್ಚಿಟ್ಟ ಹಾಗೆ. ಬಿಸಿಯಾದಷ್ಟೂ ಫ್ಯಾನ್ ಜೋರಾಗಿ ಕೂಗುತ್ತೆ, ಕೊನೆಗೆ ಯಂತ್ರ ತಾನಾಗೇ ನಿಧಾನ ಆಗುತ್ತೆ ಅಥವಾ ಆಫ್ ಆಗುತ್ತೆ. ಸದ್ದು ಮುಚ್ಚಿಡೋಕೆ ಹೋಗಿ ಸದ್ದು ಹೆಚ್ಚಿಸಿದ ಹಾಗಾಗುತ್ತೆ.

ಕಿಟಕಿ ಅಥವಾ ವೆಂಟಿಲೇಟರ್ ಇರೋ ಸ್ಟೋರ್ ರೂಮ್ ಒಳ್ಳೇದು. ಹಿಂದೆ, ಪಕ್ಕದಲ್ಲಿ ಒಂದು ಗೇಣು ಜಾಗ ಬಿಡಿ. ನೆಲದ ಮೇಲೆ ನೇರವಾಗಿ ಇಡಬೇಡಿ, ಧೂಳು ಎಳ್ಕೊಳ್ಳುತ್ತೆ, ನೆಲ ಒರೆಸಿದ ನೀರೂ ತಾಗುತ್ತೆ. ಒಂದು ಮಣೆಯೋ ಸ್ಟೂಲೋ ಹಾಕಿ. ಅಡುಗೆಮನೆ ಪಕ್ಕದ ಜಾಗದಲ್ಲಿ ಒಗ್ಗರಣೆ ಜಿಡ್ಡು ಫ್ಯಾನ್‌ಗೆ ಅಂಟಿ ಧೂಳು ಗಟ್ಟಿಯಾಗುತ್ತೆ. ಬಾತ್‌ರೂಮ್ ಮೇಲಿನ ಅಟ್ಟ ತೇವ. ಕಲಬುರಗಿ, ರಾಯಚೂರು ಕಡೆಯವರಿಗೆ ಇನ್ನೊಂದು ಮಾತು: ಏಪ್ರಿಲ್, ಮೇನಲ್ಲಿ ಹೊರಗೆ 40 ಡಿಗ್ರಿ ದಾಟಿದಾಗ ತಾರಸಿಗೆ ತಾಗಿಕೊಂಡ ಅಟ್ಟ ಒಲೆಯಂತಾಗಿರುತ್ತೆ. ಅಲ್ಲಿ ಬೇಡವೇ ಬೇಡ. ಹಳೇ ಮನೆಗಳಲ್ಲಿ ಹಲ್ಲಿ, ಇರುವೆ ಒಳಗೆ ಸೇರ್ಕೊಳ್ತವೆ. ಕ್ಯಾಬಿನೆಟ್ ತೂತುಗಳಿಗೆ ಸಣ್ಣ ಜಾಲರಿ ಹಾಕಿದ್ರೆ ಆ ತಲೆನೋವು ತಪ್ಪುತ್ತೆ.

ಮಲಗೋ ಕೋಣೆಗೂ ಆ ಜಾಗಕ್ಕೂ ನಡುವೆ ಒಂದು ಗೋಡೆ, ಒಂದು ಮುಚ್ಚಿದ ಬಾಗಿಲು ಇದ್ರೆ ಸಾಕು. ಬಾಗಿಲ ಕೆಳಗಿನ ಸಂದಿಯಿಂದ ಸದ್ದು ಬಂದ್ರೆ ಹಳೇ ಪಂಚೆ ಸುತ್ತಿಟ್ಟು ನೋಡಿ, ಆದ್ರೆ ಆಗ ಕಿಟಕಿ ತೆಗೆದಿರಲಿ.

ವೈರ್ ಎಳೀರಿ, ಪುಣ್ಯ ಬರುತ್ತೆ

ರಿಮೋಟ್ ಡೆಸ್ಕ್‌ಟಾಪ್ ಸರಿ ಇಲ್ಲ, ಮೌಸ್ ಎಳೆದ್ರೆ ಜೋಲಿ ಹೊಡೆಯುತ್ತೆ ಅಂತ ಬೈಯೋರ ಮನೆಗೆ ಹೋಗಿ ನೋಡಿದ್ರೆ ಹೆಚ್ಚಾಗಿ ಎರಡೂ ಕಡೆ ವೈಫೈ ಇರುತ್ತೆ. ಕಂಪ್ಯೂಟರ್‌ನಿಂದ ರೂಟರ್‌ಗೆ ಗಾಳಿಯಲ್ಲಿ ಒಂದು ಸಲ, ರೂಟರ್‌ನಿಂದ ನಿಮ್ಮ ಯಂತ್ರಕ್ಕೆ ಗಾಳಿಯಲ್ಲಿ ಇನ್ನೊಂದು ಸಲ. ನಡುವೆ ಪಕ್ಕದ ಮನೆಯವರ ಹತ್ತು ವೈಫೈಗಳ ಗಲಾಟೆ ಬೇರೆ. ಅಪಾರ್ಟ್‌ಮೆಂಟ್‌ನಲ್ಲಿ ಇರೋರಿಗೆ ಇದು ಚೆನ್ನಾಗಿ ಗೊತ್ತು.

ಸ್ಟೋರ್ ರೂಮಿನ ಕಂಪ್ಯೂಟರ್‌ಗಾದ್ರೂ ರೂಟರ್‌ನಿಂದ ಎತರ್ನೆಟ್ ಕೇಬಲ್ ಎಳೀರಿ. ಅರ್ಧ ಸಮಸ್ಯೆ ಅಲ್ಲೇ ಮುಗೀತು. ಕ್ಯಾಟ್ 6 ಅಂತ ಕೇಳಿದ್ರೆ ಯಾವುದೇ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುತ್ತೆ. 100 ಮೀಟರ್‌ವರೆಗೆ ಅದರಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ಆರಾಮಾಗಿ ಹೋಗುತ್ತೆ. ಯಾವ ಬಾಡಿಗೆ ಮನೆಯೂ ಅಷ್ಟು ಉದ್ದ ಇರಲ್ಲ ಬಿಡಿ. ಗೋಡೆ ಕೊರೆಯೋಕೆ ಓನರ್ ಬಿಡಲ್ಲ ಅಂದ್ರೆ ಚಪ್ಪಟೆ ಕೇಬಲ್ ಸಿಗುತ್ತೆ, ಬಾಗಿಲ ಚೌಕಟ್ಟಿನ ಅಂಚಲ್ಲಿ ಕ್ಲಿಪ್ ಹಾಕಿ ಸಾಗಿಸಬಹುದು.

ನಿಮ್ಮ ಕೈಲಿರೋ ಯಂತ್ರ ವೈಫೈನಲ್ಲಿದ್ರೆ ಪರವಾಗಿಲ್ಲ, ಆದ್ರೆ 5 ಗಿಗಾಹರ್ಟ್ಸ್ ಹೆಸರಿನ ವೈಫೈಗೆ ಸೇರಿಸಿ. ವೇಗ ಹೆಚ್ಚು, ಗಲಾಟೆ ಕಡಿಮೆ. ದಪ್ಪ ಗೋಡೆಗಳನ್ನ ಅದು ಅಷ್ಟು ಚೆನ್ನಾಗಿ ದಾಟಲ್ಲ. ಕಲ್ಲಿನ ಹಳೇ ಮನೆಯಲ್ಲಿದ್ರೆ ರೂಟರ್‌ನ ನೀವು ಕೂರೋ ಕೋಣೆಗೇ ತರಬೇಕಾಗಬಹುದು. ವಿಡಿಯೋ ಪ್ರತಿ ಸೆಕೆಂಡಿಗೆ 60 ಚಿತ್ರದಂತೆ ಬರ್ತಿದ್ರೆ ಒಂದೊಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡ್ ಸಮಯ. ವೈರ್‌ನಲ್ಲಿ ಮನೆಯೊಳಗಿನ ಓಡಾಟಕ್ಕೆ ಒಂದು ಮಿಲಿಸೆಕೆಂಡೂ ಹಿಡಿಯಲ್ಲ. ತಡ ಆಗೋದು ಚಿತ್ರ ಕಟ್ಟೋದು, ಬಿಚ್ಚೋದರಲ್ಲಿ, ಮತ್ತೆ ವೈಫೈನಲ್ಲಿ.

ಯಾವ ಸಾಫ್ಟ್‌ವೇರ್?

ಸ್ಟೋರ್ ರೂಮಿನ ಕಂಪ್ಯೂಟರ್‌ನಲ್ಲಿ ವಿಂಡೋಸ್ ಪ್ರೊ ಇದ್ರೆ ಬೇರೇನೂ ಹುಡುಕಬೇಡಿ. ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಮಾಡಿ, ಅಷ್ಟೇ. ಬರವಣಿಗೆ, ಎಕ್ಸೆಲ್, ಕೋಡಿಂಗ್‌ಗೆ ಇದರಷ್ಟು ಸಲೀಸು ಇನ್ನೊಂದಿಲ್ಲ. ನೀವು ಇಲ್ಲಿಂದ ಒಳಹೋದಾಗ ಅಲ್ಲಿನ ಪರದೆ ಲಾಕ್ ಆಗುತ್ತೆ, ಅಲ್ಲಿ ಯಾರೂ ನಿಮ್ಮ ಕೆಲಸ ನೋಡೋಕಾಗಲ್ಲ. ಆದ್ರೆ ವಿಂಡೋಸ್ ಹೋಮ್‌ನಲ್ಲಿ ಈ ಸೌಲಭ್ಯ ಇಲ್ಲ. ಹೋಮ್‌ನಿಂದ ಬೇರೆ ಕಂಪ್ಯೂಟರ್‌ಗೆ ಹೋಗಬಹುದು, ಹೋಮ್ ಇರೋ ಕಂಪ್ಯೂಟರ್‌ಗೆ ಬರೋಕಾಗಲ್ಲ. ಲ್ಯಾಪ್‌ಟಾಪ್, ಅಸೆಂಬಲ್ಡ್ ಪಿಸಿಗಳಲ್ಲಿ ಹೆಚ್ಚಾಗಿ ಇರೋದು ಹೋಮ್ ಆದ್ದರಿಂದ ಮೊದಲು ಅದನ್ನ ನೋಡಿಕೊಳ್ಳಿ.

ಹೋಮ್ ಇದ್ರೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಇದೆ, ಉಚಿತ. ಗೂಗಲ್ ಖಾತೆ ಬೇಕು, ಕನಿಷ್ಠ ಆರಂಕಿಯ ಪಿನ್ ಬೇಕು. ಮ್ಯಾಕ್‌ನಲ್ಲಿ ಸ್ಕ್ರೀನ್ ಶೇರಿಂಗ್ ಒಳಗೇ ಬಂದಿರುತ್ತೆ. ಲಿನಕ್ಸ್‌ನವರಿಗೆ ಎಸ್‌ಎಸ್‌ಎಚ್ ಗೊತ್ತೇ ಇರುತ್ತೆ, ಕೋಡಿಂಗ್ ಮಾಡೋರಿಗೆ ಎಷ್ಟೋ ಸಲ ಚಿತ್ರವೇ ಬೇಕಾಗಲ್ಲ, ಆ ಕಪ್ಪು ಪರದೆಯೇ ಸಾಕು.

ವಿಡಿಯೋ ಎಡಿಟಿಂಗ್ ಮಾಡೋರಿಗೆ, ಗೇಮ್ ಆಡೋರಿಗೆ ಇವು ಸಾಲಲ್ಲ. ಅವರಿಗೆ ಸನ್‌ಶೈನ್ ಮತ್ತು ಮೂನ್‌ಲೈಟ್ ಅನ್ನೋ ಉಚಿತ, ಓಪನ್ ಸೋರ್ಸ್ ಜೋಡಿ ಇದೆ. ಸನ್‌ಶೈನ್ ಆ ಕಡೆ, ಮೂನ್‌ಲೈಟ್ ಈ ಕಡೆ. ಹೆಸರಿಟ್ಟವರು ರಸಿಕರು. ಗ್ರಾಫಿಕ್ಸ್ ಕಾರ್ಡ್ ಒಳಗಿರೋ ವಿಡಿಯೋ ಎನ್‌ಕೋಡರ್ ಬಳಸೋದ್ರಿಂದ ಚಲನೆ ತುಂಬ ನಯ. ಒಂದು ಎಚ್ಚರಿಕೆ: ಹೀಗೆ ಬರೋ ವಿಡಿಯೋದಲ್ಲಿ ಬಣ್ಣದ ವಿವರವನ್ನ ಕಡಿಮೆ ಮಾಡಿ ಕಳಿಸಿರ್ತಾರೆ. ಕೆಂಪು ಸಣ್ಣ ಅಕ್ಷರ ಮಸುಕಾಗಿ ಕಾಣೋದು ಅದಕ್ಕೇ. ಆದ್ದರಿಂದ ಮದುಮಗಳ ಸೀರೆ ಬಣ್ಣ ಸರಿಯಾಗಿದ್ಯಾ ಅಂತ ಕೊನೆಯದಾಗಿ ನೋಡೋ ಕೆಲಸವನ್ನ ಈ ಪರದೆಯ ಭರವಸೆ ಮೇಲೆ ಮಾಡಬೇಡಿ. ರೆಂಡರ್ ಆದ ಫೈಲನ್ನ ಈ ಕಡೆಗೆ ಕಾಪಿ ಮಾಡಿಕೊಂಡು ನೋಡಿ.

ಮಾನಿಟರ್ ಇಲ್ಲದೆ ಬರೀ ಡಬ್ಬ ಇಟ್ಟರೆ ಕೆಲವು ಗ್ರಾಫಿಕ್ಸ್ ಕಾರ್ಡ್‌ಗಳು ಪರದೆ ಇಲ್ಲ ಅಂದುಕೊಂಡು ಚಿತ್ರವನ್ನೇ ಕೊಡಲ್ಲ, ಕೊಟ್ಟರೂ ಚಿಕ್ಕದಾಗಿ ಕೊಡ್ತವೆ. ಡಮ್ಮಿ ಎಚ್‌ಡಿಎಂಐ ಪ್ಲಗ್ ಅಂತ ಹೆಬ್ಬೆರಳಷ್ಟು ಚಿಕ್ಕ ವಸ್ತು ಸಿಗುತ್ತೆ. ಸಿಕ್ಕಿಸಿದ್ರೆ ಕಾರ್ಡ್‌ಗೆ ಮಾನಿಟರ್ ಇದೆ ಅನ್ನೋ ಭ್ರಮೆ ಬರುತ್ತೆ, ಕೆಲಸ ಸುಗಮ.

ರಾತ್ರಿ ರೆಂಡರ್ ಹಾಕೋರಿಗೆ ಇದು ಮುಖ್ಯ: ರೆಂಡರ್ ಶುರು ಮಾಡಿ ನೀವು ಸಂಪರ್ಕ ಕಡಿದುಕೊಂಡು ಮಲಗಬಹುದು. ಕೆಲಸ ಅಲ್ಲಿ ನಡೀತಿರುತ್ತೆ. ಆದ್ರೆ ಡಿಸ್‌ಕನೆಕ್ಟ್ ಬೇರೆ, ಸೈನ್ ಔಟ್ ಬೇರೆ. ಸೈನ್ ಔಟ್ ಒತ್ತಿದ್ರೆ ತೆರೆದಿರೋ ಪ್ರೋಗ್ರಾಂಗಳೆಲ್ಲ ಮುಚ್ಚಿಹೋಗ್ತವೆ, ರೆಂಡರ್ ಅರ್ಧಕ್ಕೆ ನಿಂತು ಬೆಳಗ್ಗೆ ಮದುವೆ ಮನೆಯವರ ಫೋನ್ ಬರುತ್ತೆ. ಯಂತ್ರ ತಾನಾಗೇ ನಿದ್ದೆಗೆ ಹೋಗದಂತೆ, ಅಪ್‌ಡೇಟ್ ನೆಪದಲ್ಲಿ ರಾತ್ರಿ ರೀಸ್ಟಾರ್ಟ್ ಆಗದಂತೆ ಸೆಟ್ಟಿಂಗ್ಸ್ ನೋಡಿಕೊಳ್ಳಿ.

ಮತ್ತೆ, ಮೀಟಿಂಗ್ ಕಾಲ್‌ಗಳನ್ನ ಯಾವತ್ತೂ ರಿಮೋಟ್ ಕಂಪ್ಯೂಟರ್ ಒಳಗಿಂದ ಮಾಡಬೇಡಿ. ನಿಮ್ಮ ದನಿ, ನಿಮ್ಮ ಮುಖ ಮೊದಲು ಸ್ಟೋರ್ ರೂಮಿಗೆ ಹೋಗಿ, ಅಲ್ಲಿಂದ ಹೊರಗೆ ಹೋಗಿ, ಉತ್ತರ ಅದೇ ದಾರಿಯಲ್ಲಿ ಸುತ್ತಿಕೊಂಡು ಬರಬೇಕು. ತುಟಿಗೂ ಮಾತಿಗೂ ತಾಳ ತಪ್ಪುತ್ತೆ. ಕಾಲ್ ನಿಮ್ಮ ಮುಂದಿನ ಯಂತ್ರದಲ್ಲೋ ಫೋನ್‌ನಲ್ಲೋ ನಡೀಲಿ, ಭಾರದ ಕೆಲಸ ಮಾತ್ರ ಆ ಕಡೆ. ದನಿ ರೆಕಾರ್ಡ್ ಮಾಡೋರಿಗೂ ಇದೇ ಮಾತು.

ಕರೆಂಟ್ ಕಥೆ

ಬಾಗಿಲು ಮುಚ್ಚಿದ ಕೋಣೆಯಲ್ಲಿರೋ ಕಂಪ್ಯೂಟರ್ ಆನ್ ಮಾಡೋಕೆ ದಿನಾ ಎದ್ದು ಹೋಗಬೇಕಾ? ನಮ್ಮ ರೈತರು ಈ ಪ್ರಶ್ನೆಗೆ ಯಾವಾಗಲೋ ಉತ್ತರ ಕಂಡುಕೊಂಡಿದ್ದಾರೆ. ಹೊಲದ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿ, ಮನೆಯಿಂದಲೇ ಫೋನ್ ಹೊಡೆದು ಮೋಟರ್ ಆನ್ ಮಾಡ್ತಾರೆ. ಕಂಪ್ಯೂಟರ್‌ನಲ್ಲಿ ಇದರ ಹೆಸರು ವೇಕ್ ಆನ್ ಲ್ಯಾನ್. ಬಯೋಸ್‌ನಲ್ಲಿ ಆನ್ ಮಾಡಿಟ್ಟರೆ, ನೆಟ್‌ವರ್ಕ್ ಕಾರ್ಡ್ ಅರೆನಿದ್ದೆಯಲ್ಲಿ ಕಾಯ್ತಿರುತ್ತೆ. ಫೋನ್‌ನ ಒಂದು ಚಿಕ್ಕ ಆ್ಯಪ್‌ನಿಂದ ಮ್ಯಾಜಿಕ್ ಪ್ಯಾಕೆಟ್ ಅನ್ನೋ ಸಂದೇಶ ಹೋದ್ರೆ ಕಂಪ್ಯೂಟರ್ ಎದ್ದೇಳುತ್ತೆ. ಆ ಸಂದೇಶದಲ್ಲಿರೋದು ಆ ಕಾರ್ಡ್‌ನ ವಿಳಾಸ, ಸತತವಾಗಿ 16 ಸಲ. ಮಲಗಿದವರನ್ನ ಹೆಸರು ಹಿಡಿದು ಹದಿನಾರು ಸಲ ಕೂಗಿದ ಹಾಗೆ. ಇದು ನೆಚ್ಚಿಕೊಳ್ಳೋ ಹಾಗೆ ನಡೆಯೋದು ವೈರ್ ಹಾಕಿದ್ರೆ ಮಾತ್ರ, ಅದಕ್ಕೇ ವೈರ್ ಎಳೀರಿ ಅಂದಿದ್ದು.

ಕರೆಂಟ್ ಹೋಗಿ ಬಂದಾಗ ಏನು? ಬಯೋಸ್‌ನಲ್ಲೇ, ಕರೆಂಟ್ ವಾಪಸ್ ಬಂದಾಗ ತಾನಾಗೇ ಆನ್ ಆಗುವಂತೆ ಒಂದು ಆಯ್ಕೆ ಇರುತ್ತೆ. ಯುಪಿಎಸ್ ಇದ್ರೆ ಕಂಪ್ಯೂಟರ್‌ಗೂ ಹಾಕಿ, ರೂಟರ್‌ಗೂ ಹಾಕಿ. ರೂಟರ್ ಸತ್ತರೆ ಕಂಪ್ಯೂಟರ್ ಬದುಕಿದ್ದೂ ನಿಮಗೆ ಸಿಗಲ್ಲ.

ಬಿಲ್ ಲೆಕ್ಕ ಹಾಕೋಣ. ಸುಮ್ಮನೆ ಆನ್ ಇರೋ ಡೆಸ್ಕ್‌ಟಾಪ್ 60 ವಾಟ್ ಎಳೀತಿದೆ ಅಂದುಕೊಳ್ಳಿ. ದಿನದ 24 ಗಂಟೆ, 30 ದಿನ ಬಿಟ್ಟರೆ 43.2 ಯೂನಿಟ್. ದಿನಕ್ಕೆ 8 ಗಂಟೆ ಮಾತ್ರ ಆದ್ರೆ 14.4. ರೆಂಡರ್ 300 ವಾಟ್‌ನಂತೆ 8 ಗಂಟೆ ನಡೆದ್ರೆ ಒಂದು ರಾತ್ರಿಗೆ 2.4 ಯೂನಿಟ್, ಇಪ್ಪತ್ತು ರಾತ್ರಿಗೆ 48. ಇದು ಯಾಕೆ ಮುಖ್ಯ ಅಂದ್ರೆ ಗೃಹಜ್ಯೋತಿ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಿಮ್ಮ ಹಳೇ ಸರಾಸರಿ ಬಳಕೆ ನೋಡಿ ಉಚಿತದ ಮಿತಿ ನಿಗದಿ ಮಾಡಿದ್ದಾರೆ. ಅದನ್ನ ದಾಟಿದ್ರೆ ಹೆಚ್ಚುವರಿಗೆ ಕಟ್ಟಬೇಕು, 200 ಯೂನಿಟ್ ದಾಟಿದ್ರೆ ಇಡೀ ಬಿಲ್ ಕಟ್ಟಬೇಕು. ಸ್ಟೋರ್ ರೂಮಿನಲ್ಲಿ ಕಣ್ಣಿಗೆ ಕಾಣದೆ, ಕಿವಿಗೆ ಕೇಳದೆ ಉರೀತಿರೋ ಕಂಪ್ಯೂಟರ್ ಮರೆತುಹೋಗೋದು ಬಲು ಸುಲಭ. 170 ಯೂನಿಟ್‌ನಲ್ಲಿದ್ದ ಮನೆ 213ಕ್ಕೆ ಹೋದ ತಿಂಗಳು ಅಪ್ಪನಿಗೆ ಏನು ಉತ್ತರ ಕೊಡ್ತೀರಿ? ಕೆಲಸ ಮುಗಿದ ಮೇಲೆ ಸ್ಲೀಪ್‌ಗೆ ಹಾಕೋದನ್ನ ರೂಢಿ ಮಾಡಿಕೊಳ್ಳಿ. ಎಬ್ಬಿಸೋ ದಾರಿ ಹೇಗೂ ಗೊತ್ತಾಯ್ತಲ್ಲ.

ಬಾಗಿಲು ನಿಮಗೆ ತೆರೆದರೆ ಕಳ್ಳನಿಗೂ ತೆರೆಯಬಹುದು

ಈ ಭಾಗವನ್ನ ಸ್ಕಿಪ್ ಮಾಡಬೇಡಿ.

ಮನೆಯೊಳಗೆ ಚೆನ್ನಾಗಿ ನಡೀತು, ಇನ್ನು ಹಾಸ್ಟೆಲ್‌ನಿಂದಲೋ ಕೆಫೆಯಿಂದಲೋ ಬಳಸೋಣ ಅಂತ ಆಸೆ ಬರುತ್ತೆ. ಯೂಟ್ಯೂಬ್‌ನಲ್ಲಿ ಯಾರಾದ್ರೂ ರೂಟರ್‌ನಲ್ಲಿ 3389ನೇ ಪೋರ್ಟ್ ಫಾರ್ವರ್ಡ್ ಮಾಡಿ ಅಂತ ಹೇಳಿಕೊಡ್ತಾರೆ. ಮಾಡಬೇಡಿ. 3389 ಆರ್‌ಡಿಪಿಯ ಪೋರ್ಟ್ ಅಂತ ಲೋಕಕ್ಕೇ ಗೊತ್ತು. ಅದು ತೆರೆದಿರೋ ಮನೆಗಳನ್ನ ಹುಡುಕಿ ಪಾಸ್‌ವರ್ಡ್ ಊಹಿಸೋದನ್ನೇ ಕೆಲಸ ಮಾಡಿಕೊಂಡ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡ್ತಿರ್ತವೆ. 2019ರ ಮೇನಲ್ಲಿ ಬ್ಲೂಕೀಪ್ ಅನ್ನೋ ದೋಷ ಹೊರಬಿದ್ದಾಗ ಪಾಸ್‌ವರ್ಡೂ ಬೇಡದೆ ಹಳೇ ವಿಂಡೋಸ್ ಒಳಗೆ ನುಗ್ಗಬಹುದಿತ್ತು. ಎಷ್ಟು ಗಂಭೀರ ಅಂದ್ರೆ, ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಟ್ಟಿತ್ತು.

ನಮ್ಮಲ್ಲಿ ಬಹಳಷ್ಟು ಕನೆಕ್ಷನ್‌ಗಳಲ್ಲಿ ಪೋರ್ಟ್ ಫಾರ್ವರ್ಡ್ ಹೇಗೂ ಕೆಲಸ ಮಾಡಲ್ಲ. ಕಂಪನಿ ಒಂದೇ ಐಪಿ ವಿಳಾಸವನ್ನ ನೂರಾರು ಮನೆಗಳಿಗೆ ಹಂಚಿರುತ್ತೆ. ಇದಕ್ಕೆ ಸರಿಯಾದ ದಾರಿ ಟೇಲ್‌ಸ್ಕೇಲ್ ಥರದ ಸೇವೆ. ವೈರ್‌ಗಾರ್ಡ್ ಅನ್ನೋ ವಿಪಿಎನ್ ತಂತ್ರಜ್ಞಾನದ ಮೇಲೆ ಕಟ್ಟಿದ್ದು, ವೈಯಕ್ತಿಕ ಬಳಕೆಗೆ ಉಚಿತ. ಎರಡೂ ಯಂತ್ರದಲ್ಲಿ ಹಾಕಿ ಲಾಗಿನ್ ಆದ್ರೆ, ನೀವು ಎಲ್ಲಿದ್ರೂ ಎರಡೂ ಒಂದೇ ಮನೆಯ ನೆಟ್‌ವರ್ಕ್‌ನಲ್ಲಿದ್ದ ಹಾಗೆ. ಹೊರಗಿನವರಿಗೆ ಬಾಗಿಲೇ ಕಾಣಲ್ಲ. ಲಾಗಿನ್ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿರಿ, ಪಿನ್ ಆಗಿ ಹುಟ್ಟಿದ ದಿನಾಂಕ ಇಡಬೇಡಿ.

ಆಫೀಸ್ ಲ್ಯಾಪ್‌ಟಾಪ್‌ಗೆ ಐಟಿ ವಿಭಾಗದ ಒಪ್ಪಿಗೆ ಇಲ್ಲದೆ ಇಂಥ ಯಾವ ಸಾಫ್ಟ್‌ವೇರೂ ಹಾಕಬೇಡಿ. ನಿಮಗೆ ಅದು ಅನುಕೂಲ, ಕಂಪನಿ ಕಣ್ಣಿಗೆ ಅದು ದತ್ತಾಂಶ ಸೋರಿಕೆ. ಕೆಲಸಕ್ಕೇ ಕುತ್ತು ಬರಬಹುದು.

ಇನ್ನು ಮನೆಯವರ ಮಾತು. ನೀವು ಬಳಸೋ ಇದೇ ತಂತ್ರಜ್ಞಾನವನ್ನೇ ವಂಚಕರೂ ಬಳಸೋದು. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಆ್ಯಪ್ ಮೂಲಕ ನಡೆಯೋ ಯುಪಿಐ ಮೋಸದ ಬಗ್ಗೆ ಬ್ಯಾಂಕುಗಳನ್ನ ಎಚ್ಚರಿಸಿತ್ತು. ಆ್ಯಪ್ ಕೆಟ್ಟದ್ದಲ್ಲ, ಬಳಸೋ ರೀತಿ ಕೆಟ್ಟದ್ದು. ಬ್ಯಾಂಕಿನವರು ಅಂತ ಫೋನ್ ಮಾಡ್ತಾರೆ, ಆ್ಯಪ್ ಹಾಕಿಸ್ತಾರೆ, ಪರದೆ ಮೇಲೆ ಬರೋ ಅಂಕಿಗಳನ್ನ ಕೇಳ್ತಾರೆ. ಹೇಳಿದ್ರೆ ಮುಗೀತು, ಪರದೆ ಅವರದಾಯ್ತು, ಒಟಿಪಿಯೂ ಕಾಣುತ್ತೆ. ನಿಮ್ಮ ಮನೆಯಲ್ಲಿ ನೀವು ದಿನಾ ರಿಮೋಟ್ ಬಳಸೋದನ್ನ ನೋಡಿ, ಇದು ಮಾಮೂಲಿ ಅಂತ ಅಮ್ಮನಿಗೆ, ಅಜ್ಜಿಗೆ ಅನ್ನಿಸಿಬಿಟ್ಟರೆ ಅಪಾಯ. ಒಂದು ಸಲ ಕೂರಿಸಿ ಹೇಳಿ: "ಅಮ್ಮಾ, ಫೋನ್ ಮಾಡಿದೋರು ಯಾರೇ ಆಗ್ಲಿ, ನಾನೇ ಅಂತ ಹೇಳಿದ್ರೂ ಸರಿ, ಪರದೆ ಮೇಲಿನ ನಂಬರ್ ಹೇಳ್ಬೇಡ." ಹಣ ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು. ಬೇಗ ಮಾಡಿದಷ್ಟೂ ಹಣ ತಡೆಹಿಡಿಯೋ ಸಾಧ್ಯತೆ ಹೆಚ್ಚು.

ಕನ್ನಡ ಟೈಪ್ ಮಾಡೋರಿಗೆ

ಇದನ್ನ ಯಾರೂ ಹೇಳಲ್ಲ, ನಾವು ಹೇಳ್ತೀವಿ. ನುಡಿಯೋ, ಬರಹವೋ, ಇನ್‌ಸ್ಕ್ರಿಪ್ಟೋ, ಯಾವುದನ್ನ ಬಳಸ್ತೀರೋ ಅದನ್ನ ಸ್ಟೋರ್ ರೂಮಿನ ಕಂಪ್ಯೂಟರ್‌ನಲ್ಲಿ ಹಾಕಿ. ನಿಮ್ಮ ಮುಂದಿನ ಯಂತ್ರದ ಕೀಬೋರ್ಡ್ ಇಂಗ್ಲಿಷ್‌ನಲ್ಲೇ ಇರಲಿ. ಎರಡೂ ಕಡೆ ಕನ್ನಡ ಆನ್ ಮಾಡಿದ್ರೆ, ಇಲ್ಲಿ ಒಮ್ಮೆ ಬದಲಾದ ಕೀಲಿ ಅಲ್ಲಿ ಮತ್ತೊಮ್ಮೆ ಬದಲಾಗೋಕೆ ಹೋಗಿ ಒತ್ತಕ್ಷರಗಳೆಲ್ಲ ಕಲಸುಮೇಲೋಗರ ಆಗ್ತವೆ. ಫಾಂಟ್‌ಗಳೂ ಆ ಕಡೆ ಇದ್ರೆ ಸಾಕು, ಈ ಕಡೆಗೆ ಬರೋದು ಚಿತ್ರ ತಾನೇ.

ಖರ್ಚು ಮಾಡೋಕೆ ಮುಂಚೆ

ಕೇಬಲ್ ತರೋಕೆ, ಡಬ್ಬ ಸಾಗಿಸೋಕೆ ಮುಂಚೆ ಇವತ್ತು ರಾತ್ರಿಯೇ ಒಂದು ಪರೀಕ್ಷೆ ಮಾಡಿ. ಕಂಪ್ಯೂಟರ್ ಇದ್ದಲ್ಲೇ ಇರಲಿ. ಅದರಲ್ಲಿ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಹಾಕಿ, ಹಳೇ ಲ್ಯಾಪ್‌ಟಾಪೋ ಟ್ಯಾಬ್ಲೆಟ್ಟೋ ಹಿಡಿದು ಪಕ್ಕದ ಕೋಣೆಗೆ ಹೋಗಿ ಕೂತು, ನಿಮ್ಮ ನಿಜವಾದ ಕೆಲಸವನ್ನ ಅರ್ಧ ಗಂಟೆ ಮಾಡಿ. ಟೈಪ್ ಮಾಡಿದ ಅಕ್ಷರ ಹಿಂದೆ ಬೀಳ್ತಾ ಇದ್ರೆ ಕೇಬಲ್ ಎಳೆದು ಮತ್ತೆ ನೋಡಿ. ಆಗಲೂ ಟೈಮ್‌ಲೈನ್ ತಡವರಿಸಿದ್ರೆ ಮೂನ್‌ಲೈಟ್ ಹಾಕಿ ನೋಡಿ. ಮೂರರಲ್ಲಿ ಒಂದು ಹೊಂದಿಕೊಂಡ ಮೇಲೆ ಸ್ಟೋರ್ ರೂಮ್ ಗುಡಿಸಿ.

ನಿಮ್ಮ ಮನೆಯಲ್ಲಿ ಡಬ್ಬ ಎಲ್ಲಿ ಕೂತಿತು, ಹೇಗೆ ನಡೀತಿದೆ ಅಂತ ವಾಯ್ಸ್ ನೋಟ್ ಕಳಿಸಿ. ಹಿನ್ನೆಲೆಯಲ್ಲಿ ಕುಕ್ಕರ್ ಕೂಗಿದ್ರೂ ಪರವಾಗಿಲ್ಲ. ಅದನ್ನ ಸ್ಟೋರ್ ರೂಮಿಗೆ ಕಳಿಸೋ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.